ಬಾಡಿಗಿ ಮನಿಯವರ ನಾಮಾಂಕಿತ

ಅಪ್ಪ ಅಮ್ಮ ಇಟ್ಟ ಹೆಸರು ಆಧಾರ್ ಕಾರ್ಡಿಗೆ ಸಾಕಾಗುತ್ತದೆ, ಓಣಿಯಲ್ಲಿ ಬಾಳುವುದಕ್ಕೆ ಸಾಲುವುದಿಲ್ಲ. ಅದಕ್ಕೆ ಓಣಿಯವರೇ ಇಟ್ಟ ಹೆಸರೊಂದು ಬೇಕು. ಇದು ನನಗೆ ತಿಳಿದದ್ದು ಹರಪನಹಳ್ಳಿಯ ಹಳೇ ಪೇಟೆಯಲ್ಲಿ ಮನೆ ಮಾಡಿದ ಮೇಲೆ. ನಮ್ಮದು ಹುಡೇವಿನ ಓಣಿ. ಕೋಟೆಯ ಹುಡೇವೊಂದು, ಅಂದರೆ ಬುರುಜು, ಅರ್ಧ ಬಿದ್ದು ಅರ್ಧ ನಿಂತು ಓಣಿಯ ತಲೆಯ ಮೇಲೆ ಕೂತಿರುವುದರಿಂದ ಆ ಹೆಸರು. ನನ್ನ ಹೆಸರು ತಿಪ್ಪೇಸ್ವಾಮಿ. ಊರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ. ಸರ್ಕಾರಿ ಕಚೇರಿಯೊಂದರ ಗುಮಾಸ್ತನಾಗಿ ಇಲ್ಲಿಗೆ ಬಂದು, ಬಾಡಿಗೆ ಮನೆ ಹಿಡಿದು, ಇಪ್ಪತ್ತು ವರ್ಷದ ಮೇಲಾಯಿತು. ಅದರ ನಡುವೆ ಆ ಬಾಡಿಗೆ ಮನೆಯನ್ನೇ ಕೊಂಡುಕೊಂಡೆ. ಗೃಹಪ್ರವೇಶಕ್ಕೆ ಇಡೀ ಓಣಿಯನ್ನು ಕರೆದು ಹೋಳಿಗೆ ಊಟ ಹಾಕಿಸಿದೆ. ಎಲ್ಲರೂ ತೃಪ್ತಿಯಾಗಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ಹೊರಗೆ ಹೋಗುತ್ತಾ ಒಬ್ಬರಿಗೊಬ್ಬರು ಹೇಳಿಕೊಂಡ ಮಾತು ನನ್ನ ಕಿವಿಗೆ ಬಿತ್ತು: "ಬಾಡಿಗಿ ಮನಿಯವರು ಮನಿ ತಗಂಡ್ರು ನೋಡಪಾ, ಚಲೋ ಆತು."

ಅಂದಿನಿಂದ ಇಂದಿನವರೆಗೆ ನಾನು ಬಾಡಿಗಿ ಮನಿಯವರೇ. ಗ್ಯಾಸ್ ಸಿಲಿಂಡರಿನವನು, ಹಾಲಿನವಳು, ವೋಟಿನ ಚೀಟಿ ಹಂಚುವವರು, ಎಲ್ಲರಿಗೂ ಹಾಗೇ. ಯಾರಾದರೂ ಬಂದು "ತಿಪ್ಪೇಸ್ವಾಮಿ ಅನ್ನೋರ ಮನಿ ಯಾವ್ದ್ರಿ?" ಎಂದರೆ ನಮ್ಮ ಪಕ್ಕದ ಮನೆಯವರೇ ತಲೆ ಕೆರೆದುಕೊಂಡು, "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲಲ್ರಿ" ಎಂದು ಕಳಿಸಿಬಿಡುತ್ತಾರೆ. ಹಾಗೆ ಹಿಂದಿರುಗಿ ಹೋದವರಲ್ಲಿ ನನ್ನ ಸ್ವಂತ ಷಡ್ಡಕನೂ ಒಬ್ಬ. ಅವನು ಇವತ್ತಿಗೂ ಮುಖ ಊದಿಸಿಕೊಂಡೇ ಇದ್ದಾನೆ.

ಹೆಸರಿಡುವುದರಲ್ಲಿ ಓಣಿಯವರು ಜಿಪುಣರೇನಲ್ಲ. ಅವರದೊಂದು ಪದ್ಧತಿ ಇದೆ, ಅಷ್ಟೆ. ನಮ್ಮ ಓಣಿಗೆ ಬಯಲಾಟದ ಹುಚ್ಚು ಬಹಳ ಹಳೆಯದು. ಆಟದಲ್ಲಿ ಬಣ್ಣ ಹಚ್ಚಿದವನಿಗೆ ಅವನ ಪಾತ್ರದ ಹೆಸರು ಅಂಟಿಕೊಳ್ಳುತ್ತದೆ. ಮುಖದ ಬಣ್ಣ ಬೆಳಗಾದರೆ ಎಣ್ಣೆ ಹಚ್ಚಿ ತೊಳೆಯಬಹುದು, ಆ ಹೆಸರನ್ನು ತೊಳೆಯಲು ಬರುವುದಿಲ್ಲ. ಮಲ್ಲಿಕಾರ್ಜುನಪ್ಪ ಎಂಬ ಸಂಭಾವಿತರು ಹರೆಯದಲ್ಲಿ ದುಶ್ಯಾಸನನ ಪಾರ್ಟು ಮಾಡಿದರು. ಈಗ ಅವರು ಸೀರೆ ವ್ಯಾಪಾರಿ. ಓಣಿಯ ಹೆಂಗಸರಿಗೆ ಅವರ ಅಂಗಡಿಯೆಂದರೆ ಪ್ರಾಣ. "ದುಶ್ಯಾಸನನ ಅಂಗಡಿಗೆ ಹೋಗಿ ಸೀರಿ ತಗಂಬರ್ತೀನಿ" ಎಂದು ಹೊಸ ಸೊಸೆ ಹೇಳಿದರೆ ಅತ್ತೆಯಾದವಳು "ಹುಷಾರಾಗಿ ಹೋಗಿ ಬಾ ಯವ್ವ" ಎನ್ನುತ್ತಾಳೆ, ಇಬ್ಬರ ಮುಖದಲ್ಲೂ ನಗುವಿರುವುದಿಲ್ಲ. ಹಿಟ್ಟಿನ ಗಿರಣಿಯ ಪಂಪಣ್ಣ ದ್ರೌಪದಿ. ನಮ್ಮ ದ್ರೌಪದಿ ಬೆಳಿಗ್ಗೆ ಎದ್ದು, ಬನಿಯನ್ ಹಾಕಿಕೊಂಡು, ಬೀಡಿ ಸೇದುತ್ತಾ ಗಿರಣಿಯ ಬಾಗಿಲು ತೆಗೆಯುತ್ತಾಳೆ. ಮಂಡಕ್ಕಿ ಮಿರ್ಚಿ ಅಂಗಡಿಯ ಬಸಣ್ಣ ಭೀಮ. ಗಾಳಿ ಜೋರಾಗಿ ಬೀಸಿದರೆ ಹಿಡಿದುಕೊಳ್ಳಬೇಕಾದಂಥ ಮೈಕಟ್ಟು, ಆದರೆ ಕಂಠ ಮಾತ್ರ ಕೋಟೆಯ ಆಚೆಗೆ ಕೇಳಿಸುವಂಥದ್ದು. ಇನ್ನು ಕರ್ಣ. ಕರ್ಣನಿಗೆ ಕಿವಿ ಕೇಳಿಸುವುದಿಲ್ಲ. ಪಾರ್ಟು ಇಲ್ಲದಾಗ ಮದ್ದಳೆ ಬಾರಿಸುವವನು ಅವನೇ. ಅವನಿಗೆ ಏನಾದರೂ ಹೇಳಬೇಕಾದರೆ ಓಣಿಗೆಲ್ಲಾ ಹೇಳಿದ ಹಾಗೆ ಕೂಗಬೇಕು. ಹೀಗಾಗಿ ನಮ್ಮಲ್ಲಿ ಗುಟ್ಟು ಎಂಬುದು ಉಳಿದಿಲ್ಲ.

ಹೋಗಲಿ, ನನ್ನ ಹೆಂಡತಿ ಗಿರಿಜೆಗೂ ಒಂದು ಹೆಸರಿದೆ ಎಂಬುದು ನನ್ನ ಹೊಟ್ಟೆಯ ಉರಿ. ಓಣಿಗೆ ಬಂದ ಎರಡನೇ ವರ್ಷವೇ ವಸ್ತ್ರಾಪಹರಣದ ಆಟಕ್ಕೆ ಒಳ್ಳೆಯ ಸೀರೆ ಬೇಕೆಂದು ದ್ರೌಪದಿ ಮೀಸೆ ಬೋಳಿಸಿಕೊಂಡು ನಮ್ಮ ಬಾಗಿಲಿಗೆ ಬಂದಾಗ, ಇವಳು ಹಿಂದೆ ಮುಂದೆ ನೋಡದೆ ಮದುವೆಯ ರೇಷ್ಮೆ ಸೀರೆಯನ್ನೇ ಕೊಟ್ಟುಬಿಟ್ಟಳು. ಅಂದಿನಿಂದ ಅವಳು ದ್ರೌಪದಿ ಸೀರಿ ಗಿರಿಜಕ್ಕ. ನನಗೂ ಒಂದು ಅವಕಾಶ ಬಂದಿತ್ತು, ಇಲ್ಲವೆನ್ನಲಾರೆ. ನಾನು ಗುಡೇಕೋಟೆಯವನೆಂದು ತಿಳಿದ ಕೂಡಲೇ ಭೀಮ, "ಅಂದ್ರ ಕರಡಿ ಊರಿನೋರು! ಹಂಗಾರ ಜಾಂಬವಂತನ ಪಾರ್ಟು ನಿಮಗ ಬರೋಬ್ಬರಿ" ಎಂದಿದ್ದ. ನಮ್ಮ ಗುಡ್ಡಗಳಲ್ಲಿ ಕರಡಿ ಇರುವುದು ನಿಜ, ಹಾಗೆಂದು ನಾನೇ ಕರಡಿಯಾಗಬೇಕೆ? ಬೇಡವೆಂದೆ. ಆಗ ಮನಸ್ಸಿನಲ್ಲಿ ಅರ್ಜುನನಿದ್ದ. ವರ್ಷ ಕಳೆದ ಹಾಗೆ ವಿದುರನಾದರೂ ಆದೀತು ಎನ್ನಿಸಿತು. ಆಮೇಲೆ ಸಂಜಯನೂ ಆದೀತೆನ್ನಿಸಿತು. ಇತ್ತೀಚೆಗಂತೂ ಕನ್ನಡಿಯ ಮುಂದೆ ನಿಂತಾಗ ಜಾಂಬವಂತನೇ ಸರಿಯಿತ್ತೇನೋ ಎಂದು ಅನ್ನಿಸಿದ್ದುಂಟು.

ಅಷ್ಟರಲ್ಲಿ ಆಟವೇ ನಿಂತುಹೋಯಿತು. ಯಾಕೆಂದರೆ ಸಾರಥಿ ಇಲ್ಲ. ಬಯಲಾಟ ನೋಡಿದವರಿಗೆ ಗೊತ್ತು, ಅದರಲ್ಲಿ ಯಾವ ರಾಜನೂ ಸುಮ್ಮನೆ ಬಂದು ನಾನು ಇಂಥವನು ಎಂದು ಹೇಳುವಂತಿಲ್ಲ. ಕುಣಿಯುತ್ತಾ ಬಂದು ನಿಲ್ಲಬೇಕು, ಆಗ ಸಾರಥಿ ಎಂಬುವನು ಕೈಮುಗಿದು, "ತಾವು ಧಾರು ಸ್ವಾಮೀ? ತಮ್ಮ ಸ್ಥಳವೇನು, ನಾಮಾಂಕಿತವೇನು?" ಎಂದು ಕೇಳಬೇಕು. 'ಯಾರು' ಅಲ್ಲ, 'ಧಾರು'. ಹಾಗಂದರೇ ರಾಜನಿಗೆ ಸಮಾಧಾನ. ಅವನು ಕೇಳಿದ ಮೇಲೆ ರಾಜ ಮೀಸೆ ತಿರುವಿ ತನ್ನ ಬಿರುದು ಬಾವಲಿಯನ್ನೆಲ್ಲಾ ಹೇಳಿಕೊಳ್ಳುತ್ತಾನೆ. ರಾಜರು ಬಂದು, ಅಬ್ಬರಿಸಿ, ಪರದೆಯ ಹಿಂದೆ ಚಹಾ ಕುಡಿಯಲು ಹೋಗುತ್ತಾರೆ. ಸಾರಥಿ ಮಾತ್ರ ಮೊದಲಿನಿಂದ ಕೊನೆಯವರೆಗೆ ಅಟ್ಟದ ಮೇಲೆ, ಅಂದರೆ ರಂಗದ ಮೇಲೆ, ನಿಂತೇ ಇರಬೇಕು, ಬಂದ ಬಂದವರನ್ನು ಕೇಳುತ್ತಾ, ನಡುವೆ ಅವರಿಂದ ಬೈಸಿಕೊಂಡು ಜನರನ್ನು ನಗಿಸುತ್ತಾ. ನಮ್ಮ ಓಣಿಯಲ್ಲಿ ಆ ಪಾರ್ಟು ಟೇಲರ್ ಕೊಟ್ರಪ್ಪನದು. ಗದರಿಸಿದರೂ ಗದರಿಸಿದವರಿಗೆ ಸುಖವಾಗುವಂತೆ ಗದರಿಸಿಕೊಳ್ಳುವ ಕಲೆ ಅವನಿಗಿತ್ತು. ಅವನು ತೀರಿಕೊಂಡ ಮೇಲೆ ಆ ಪಾರ್ಟಿಗೆ ಯಾರೂ ಮುಂದೆ ಬರಲಿಲ್ಲ. ಬಂದರೆ ಹೆಸರು ಅಂಟಿಕೊಳ್ಳುತ್ತದಲ್ಲ! ಒಬ್ಬನನ್ನು ಹೇಗೋ ಒಪ್ಪಿಸಿದ್ದರಂತೆ. ಹಗರಿಬೊಮ್ಮನಹಳ್ಳಿಯಿಂದ ಅವನ ಮಗನಿಗೆ ಹೆಣ್ಣು ಕೊಡಲು ಬಂದವರು ಓಣಿಯ ಬಾಯಲ್ಲಿ "ಸಾರಥಿ ಮನಿ" ಎಂದು ಕೇಳಿ, "ಹುಡುಗನ ತಂದಿ ಎಲ್ಲಿ ಡ್ರೈವರ್ ಅದಾರ್ರಿ?" ಎಂದರಂತೆ. ಅವನು ಮಾರನೇ ದಿನವೇ ಪಾರ್ಟು ಬಿಟ್ಟ. ಭೀಮ, ದುಶ್ಯಾಸನ, ದ್ರೌಪದಿ ಮೂವರೂ ವಯಸ್ಸಾದವರು. ಇನ್ನೊಂದಷ್ಟು ದಿನ ಹೀಗೇ ಹೋದರೆ ಆಟ ಮತ್ತೆ ಏಳುವುದೇ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆಟ ಏಳದಿದ್ದರೆ ನಾನು ಸಾಯುವವರೆಗೆ ಬಾಡಿಗಿ ಮನಿಯವನೇ ಎಂಬುದು ನನಗೆ ಗೊತ್ತಿತ್ತು.

ಕೊನೆಗೆ ನಾನು ಹತಾಶನಾಗಿ ಫೋನಿನಲ್ಲಿ ಹಿತ್ತಾಳೆಯ ಹೆಸರುಫಲಕವೊಂದಕ್ಕೆ ಆರ್ಡರ್ ಹಾಕಿದೆ. 'ತಿಪ್ಪೇಸ್ವಾಮಿ' ಎಂದು ದಪ್ಪ ಅಕ್ಷರದಲ್ಲಿ ಬಾಗಿಲಿಗೆ ಬಡಿದರೆ ಒಂದು ದಿನವಾದರೂ ಓದಿಯಾರು ಎಂಬ ಆಸೆ. "ಓದು ಬಂದೋರಿಗೆ ನಿಮ್ಮ ಹೆಸರು ಬ್ಯಾಡ, ನಿಮ್ಮ ಹೆಸರು ಬೇಕಾದೋರಿಗೆ ಮನಿ ಸಿಗಂಗಿಲ್ಲ. ಯಾರಿಗೆ ಹಾಕ್ತೀರಿ ಅದನ್ನ?" ಎಂದಳು ಗಿರಿಜೆ.

ಆ ಹೊತ್ತಿಗೇ ನಮ್ಮ ಕಚೇರಿಗೆ ಮೈಸೂರು ಕಡೆಯಿಂದ ಹೊಸ ಮೇಡಂ ಬಂದರು. ಒಳ್ಳೆಯವರು. ಕೆಲಸ ಬಿಟ್ಟರೆ ಅವರಿಗೆ ಹಳೆಯ ಊರುಗಳ ಹುಚ್ಚು. ಬಂದ ವಾರವೇ ಬಾಗಳಿಯ ಕಲ್ಲೇಶ್ವರ ಗುಡಿಗೆ ಹೋಗಿ ಕಂಬ ಕಂಬವನ್ನೂ ಸವರಿ ಬಂದಿದ್ದರು, ಕೋಗಳಿಯ ಬಸದಿಯನ್ನೂ ನೋಡಿದ್ದರು. ಒಂದು ದಿನ ಫೈಲಿಗೆ ಸಹಿ ಹಾಕುತ್ತಾ, "ತಿಪ್ಪೇಸ್ವಾಮಿಯವರೇ, ನೀವು ಹಳೇ ಪೇಟೆಯವರಂತೆ? ನಿಮ್ಮ ಕಡೆ ಏನೇನು ಕಲೆ ಇದೆ, ಏನೇನು ಸಂಸ್ಕೃತಿ ಇದೆ, ಒಂದು ಸಲ ತೋರಿಸಬಾರದೇ?" ಎಂದರು. ಇಡೀ ತಾಲ್ಲೂಕಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಅವರೊಬ್ಬರೇ. ಜೊತೆಗೆ 'ಹಳೇ ಪೇಟೆಯವರು' ಎಂದೂ ಅಂದುಬಿಟ್ಟರಲ್ಲ! ನಾನು ಉಬ್ಬಿಹೋದೆ. "ಬರ್ರಿ ಮೇಡಂ, ಭಾನುವಾರ ಬೆಳಿಗ್ಗೆ ಬರ್ರಿ. ನಮ್ಮ ಓಣ್ಯಾಗ ಭೀಮ ಅದಾನ, ದ್ರೌಪದಿ ಅದಾಳ" ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಭಾನುವಾರ ಮೇಡಂ ಬಟ್ಟೆಯ ಚೀಲ, ಕೊಡೆ, ಕ್ಯಾಮೆರಾ ಸಮೇತ ಬಂದರು. ನಾನು ಹುಡೇವಿನಿಂದ ಶುರುಮಾಡಿದೆ. ಇದು ಯಾರ ಕಾಲದ್ದು ಎಂದರು. ಪಾಳೇಗಾರರ ಕಾಲದ್ದು ಎಂದೆ. ಆ ಬಾಗಿಲು? ಅದೂ ಪಾಳೇಗಾರರ ಕಾಲದ್ದು. ಹರಪನಹಳ್ಳಿಯಲ್ಲಿ ಯಾವುದನ್ನು ತೋರಿಸಿದರೂ ಈ ಉತ್ತರ ನಡೆಯುತ್ತದೆ ಎಂಬ ಧೈರ್ಯ ನನಗೆ. ಮುರಿದ ಗೋಡೆಯೊಂದರ ಮುಂದೆ ಅವರು ನಿಂತು, "ಎಷ್ಟು ಚೆನ್ನಾಗಿದೆ!" ಎಂದಾಗ ಅದಕ್ಕೂ ಅದನ್ನೇ ಹೇಳಿದೆ. ಗಿರಣಿಯ ಬಾಗಿಲಲ್ಲಿ ನಿಂತಿದ್ದ ದ್ರೌಪದಿ ಬೀಡಿ ಕೆಳಗೆ ಹಾಕಿ, "ಅದು ನಮ್ಮ ಬಚ್ಚಲ ಗ್ವಾಡಿ ರೀ. ಹೋದ ವರ್ಷ ಟ್ರ್ಯಾಕ್ಟರ್ ಬಡದು ಬಿತ್ತು" ಎಂದಳು. ಮೈಯೆಲ್ಲಾ ಹಿಟ್ಟಿನ ಬಿಳುಪು, ಅದರೊಳಗಿಂದ ಮೀಸೆ. ಮೇಡಂಗೆ ಹೇಗೆ ಪರಿಚಯ ಮಾಡಿಸಬೇಕೋ ತಿಳಿಯಲಿಲ್ಲ. ಇವರೇ ದ್ರೌಪದಿ ಎಂದು ನಾನೇ ಹೇಳಿದರೆ ಚೆನ್ನಾಗಿರುವುದಿಲ್ಲವೆಂದು ಕೈಮುಗಿದು, "ಪಂಪಣ್ಣಾರ, ತಾವು ಯಾರು, ಯಾವ ಪಾರ್ಟು, ನೀವ ಹೇಳಿಬಿಡ್ರಿ" ಎಂದೆ. ಪಂಪಣ್ಣ ಒಂದು ಗಳಿಗೆ ನನ್ನನ್ನು ವಿಚಿತ್ರವಾಗಿ ನೋಡಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ತನ್ನ ಜಡೆಗೆ ಹಡಗಲಿಯಿಂದಲೇ ಮಲ್ಲಿಗೆ ಬರುತ್ತಿದ್ದುದನ್ನು, ಆ ವಾಸನೆಗೆ ತಾನು ಗಂಡಸೆಂಬುದೇ ಮರೆತುಹೋಗುತ್ತಿದ್ದುದನ್ನು ಹೇಳಿದ. ಹೇಳುವಾಗ ಕೈ ತಾನಾಗಿಯೇ ಸೆರಗು ಹುಡುಕುತ್ತಿತ್ತು. ಮೇಡಂ ಫೋಟೋ ತೆಗೆಯುವುದನ್ನು ಮರೆತು ಕೇಳಿದರು.

ದುಶ್ಯಾಸನನ ಅಂಗಡಿಯಲ್ಲೂ ಅದೇ ಉಪಾಯ ಮಾಡಿದೆ. "ತಾವು ಯಾರು ಅಂತ ಮೇಡಂಗ ಹೇಳ್ರಿ" ಎಂದೆ. ಅವರೂ ನನ್ನನ್ನು ಅದೇ ರೀತಿ ನೋಡಿ, ಗಂಟಲು ಸರಿಮಾಡಿಕೊಂಡು, ಒಂದಾದ ಮೇಲೊಂದು ಸೀರೆ ಎಳೆಯುತ್ತಾ ತಮ್ಮ ಚರಿತ್ರೆ ಹೇಳಿದರು. "ಆಟದಾಗ ಸೀರಿ ಎಳದ ಪಾಪ, ಅಂಗಡ್ಯಾಗ ಹರಿತಾ ಐತಿ ನೋಡ್ರಿ" ಎಂದರು. ನಾವು ಹೊರಗೆ ಬಂದಾಗ ಅವರು ಅಂಗಡಿಯನ್ನು ಹಾಗೇ ತೆರೆದಿಟ್ಟು ಹಿಂದೆ ಬಂದರು. ಅವರ ಹಿಂದೆ ಗಿರಣಿ ನಿಲ್ಲಿಸಿ ಪಂಪಣ್ಣನೂ ಬರುತ್ತಿದ್ದ. ಮೂಲೆಯಲ್ಲಿ ಕರ್ಣ ಸೇರಿಕೊಂಡ. ಇಬ್ಬರು ಮೂವರು ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ಯಾಕೆಂದು ನನಗೆ ಹೊಳೆಯಲಿಲ್ಲ. ಮೇಡಂ ಅವರ ಕೊಡೆ ನೋಡಿ ಇರಬೇಕು ಎಂದುಕೊಂಡೆ.

ನಮ್ಮ ಮನೆಯ ಮುಂದೆ ಗಿರಿಜೆ ಕಾಯುತ್ತಿದ್ದಳು. ಮೇಡಂ ನಗುತ್ತಾ, "ನಿಮ್ಮ ಮನೆಯಲ್ಲಿ ಏನು ಕಲೆ ಇದೆ ಗಿರಿಜಮ್ಮ?" ಎಂದು ಕೇಳಿದರು. ಇವಳ ಮುಖ ಅರಳಿತು. "ಕಲಿನಾ? ಐತ್ರಿ, ಐತಿ! ಎಷ್ಟು ತಿಕ್ಕಿದ್ರೂ ಹೋಗವಲ್ದು" ಎನ್ನುತ್ತಾ ಒಳಗೆ ಓಡಿ ಟ್ರಂಕಿನಿಂದ ಆ ಮದುವೆಯ ಸೀರೆಯನ್ನೇ ತಂದು ಬಿಡಿಸಿ ಹಿಡಿದಳು. ಸೆರಗಿನ ತುಂಬಾ ದ್ರೌಪದಿಯ ಮುಖದ ಅರದಾಳದ ಹಳದಿ ಬಣ್ಣ, ಕುಂಕುಮ, ಕಾಡಿಗೆ. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮೇಡಂ ಕಲಾಸಂಸ್ಕೃತಿ ಕೇಳಿದರೆ ಇವಳು ಬಟ್ಟೆಯ ಕಲೆ ತೋರಿಸುತ್ತಿದ್ದಾಳೆ! "ವಸ್ತ್ರಾಪಹರಣದಾಗ ಪಂಪಣ್ಣ ಖರೇನ ಅತ್ತುಬಿಟ್ಟ ನೋಡ್ರಿ, ಇದ ಸೆರಗಿನಾಗ ಕಣ್ಣೀರು ಒರಸಿಕೊಂಡ" ಎಂದಳು ಗಿರಿಜೆ. ಪಂಪಣ್ಣ ನೆಲ ನೋಡುತ್ತಾ ನಿಂತಿದ್ದ. ಮೇಡಂ ಆ ಸೆರಗನ್ನು ಬಾಗಳಿಯ ಕಂಬ ಸವರಿದ ಹಾಗೆಯೇ ಮೆಲ್ಲಗೆ ಸವರಿ, "ಇದನ್ನು ದಯವಿಟ್ಟು ಒಗೆಯಬೇಡಿ" ಎಂದರು. ಇಪ್ಪತ್ತು ವರ್ಷದಿಂದ ಆ ಕಲೆಗಾಗಿ ಜಗಳವಾಡಿಕೊಂಡು ಬಂದ ನಾನು ಸೀರೆಯ ಇನ್ನೊಂದು ತುದಿ ಹಿಡಿದು ಜೋಪಾನವಾಗಿ ಮಡಿಚತೊಡಗಿದೆ.

ಕಡೆಗೆ ಎಲ್ಲರೂ ಭೀಮನ ಮಿರ್ಚಿ ಅಂಗಡಿಯ ಪಕ್ಕದ ಆಟದ ಕಟ್ಟೆಗೆ ಬಂದೆವು. ಮಂಡಕ್ಕಿ ಮಿರ್ಚಿ ತಿಂದು ಖಾರಕ್ಕೆ ಕಣ್ಣೀರು ಹಾಕಿ ಚಹಾ ಕುಡಿದ ಮೇಲೆ ಮೇಡಂ, "ಬಸಣ್ಣನವರೇ, ಭೀಮನ ಒಂದೇ ಒಂದು ಮಾತಾದರೂ ಹೇಳಿ. ನಾನು ಕೇಳಿಕೊಂಡು ಹೊರಡುತ್ತೇನೆ" ಎಂದರು. ಭೀಮ ಜಾರೆಯನ್ನು ಬಾಣಲೆಯ ಮೇಲಿಟ್ಟು ಕೈ ಒರೆಸಿಕೊಂಡ. ಕಟ್ಟೆ ಹತ್ತಿದ. ಕರ್ಣ ಓಡಿಹೋಗಿ ಮದ್ದಳೆ ತಂದ. ಭೀಮ ಎದೆಯುಬ್ಬಿಸಿ ನಿಂತು, ಎದುರಿನ ಖಾಲಿ ಜಾಗ ನೋಡಿ, ಹಾಗೇ ಸಣ್ಣಗಾಗಿಬಿಟ್ಟ.

"ಬರಂಗಿಲ್ರಿ ಮೇಡಂ. ಕೇಳೋರು ಬೇಕಲ್ರಿ. ಯಾರೂ ಕೇಳದನ ನಾನು ಭೀಮ ಅದೀನಿ ಅಂತ ಹೆಂಗ ಒದರ್ಲಿ? ಹುಚ್ಚ ಅಂತಾರ" ಎಂದ.

ಎಲ್ಲರ ಕಣ್ಣೂ ಕಟ್ಟೆಯ ಎಡಮೂಲೆಯಲ್ಲಿತ್ತು. ಅಲ್ಲಿ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ತಾಲೀಮಿಗೆ ಬಂದು ಕೊಟ್ರಪ್ಪ ನಿಲ್ಲುತ್ತಿದ್ದ. ನನ್ನ ಪ್ಯಾಂಟಿನ ಸೊಂಟವನ್ನು ವರ್ಷ ವರ್ಷ ಬಿಡಿಸಿಕೊಟ್ಟವನು ಅವನು, ಒಂದು ಸಲವೂ ಹೊಟ್ಟೆಯ ಮಾತೆತ್ತಿದವನಲ್ಲ. ಮೇಡಂ ಸಂಕೋಚದಿಂದ ಚೀಲ ಹೆಗಲಿಗೇರಿಸಿಕೊಂಡರು. ಇನ್ನೇನು ಹೊರಟೇಬಿಡುತ್ತಾರೆ, ಕಟ್ಟೆಯ ಮೇಲೆ ಆ ಮುದುಕ ಕೈ ಜೋತುಬಿಟ್ಟುಕೊಂಡು ನಿಂತೇ ಇದ್ದಾನೆ. ನನಗೆ ಯಾರ ಮೇಲೆಂದು ತಿಳಿಯದಂಥ ಸಿಟ್ಟು ಬಂತು. ಕರ್ಣ ಬೇರೆ "ಏನಂತ? ಏನಂತ?" ಎಂದು ನನ್ನ ತೋಳು ಜಗ್ಗುತ್ತಿದ್ದ. ತೋಳು ಬಿಡಿಸಿಕೊಂಡು ಕಟ್ಟೆ ಹತ್ತಿ, ಅವನಿಗೂ ಕೇಳಲೆಂದು ಪ್ರಾಣ ಹೋಗುವ ಹಾಗೆ ಕೂಗಿದೆ: "ಅಲ್ಲೋ ಮಾರಾಯಾ, ಕೇಳೋದ ಏನು ದೊಡ್ಡದು? ನಾನು ಕೇಳ್ತೀನಿ! ತಾವು ಧಾರು? ಯಾವ ಊರು? ಏನು ಹೆಸರು? ಹೇಳ್ರಿ ಅತ್ಲಾಗ!"

ಈ ಸಲ ಕರ್ಣನಿಗೆ ಕೇಳಿಸಿತು. ಅವನು ಹಿಂದೆ ಮುಂದೆ ನೋಡದೆ ಮದ್ದಳೆಗೆ ಬಾರಿಸಿಯೇಬಿಟ್ಟ. ಭೀಮ ನೆಲದಿಂದ ಒಂದು ಗೇಣು ಮೇಲಕ್ಕೆ ಹಾರಿ, "ಎಲೈ ಸಾರಥೀ! ಹೀಗೆ ಬಾ, ಮತ್ತೂ ಹೀಗೆ ನಿಲ್ಲು! ಈಗ ಬಂದಂಥವರು ಧಾರೆಂದು ಬಲ್ಲೆ?" ಎಂದು ಗುಡುಗಿದ. ಹುಡೇವಿನ ಮೇಲಿನ ಪಾರಿವಾಳಗಳೆಲ್ಲಾ ಎದ್ದುಹೋದವು. ನಾನು ಬೆದರಿ ಎರಡು ಹೆಜ್ಜೆ ಹಿಂದೆ ಸರಿದೆ. ಸರಿದದ್ದು ಸರಿಯಾಗಿ ಕೊಟ್ರಪ್ಪ ನಿಲ್ಲುತ್ತಿದ್ದ ಮೂಲೆಗೆ. ಓಣಿಯವರು ಬಿದ್ದು ಬಿದ್ದು ನಕ್ಕರು. ಭೀಮ ಗದರಿಸಿದಷ್ಟೂ ನಾನು ನಿಜವಾಗಿಯೇ ಬೆವೆತೆ, ನಾನು ಬೆವೆತಷ್ಟೂ ಅವರು ನಕ್ಕರು. ಭೀಮನಾದ ಮೇಲೆ ದುಶ್ಯಾಸನ ಹತ್ತಿದ, ಆಮೇಲೆ ಸೆರಗಿಲ್ಲದ ದ್ರೌಪದಿ. ಒಬ್ಬೊಬ್ಬರನ್ನೂ ನಾನು ಕೇಳಿದೆ. ಹೇಳುವಾಗ ಆ ಮುದುಕರ ಮುಖ ನೋಡಬೇಕಿತ್ತು. ಯಾರಾದರೂ ಕೇಳಲಿ ಎಂದು ಎಷ್ಟು ವರ್ಷದಿಂದ ಕಾದಿದ್ದರೋ. ಬೆಳಿಗ್ಗೆಯಿಂದ ಅವರು ನನ್ನನ್ನು ಹಾಗೆ ನೋಡಿದ್ದೇಕೆ, ಹೆಂಗಸರು ನಕ್ಕಿದ್ದೇಕೆ ಎಂಬುದು ಆಗ ಹೊಳೆಯಿತು. ಅವರಿಗೆ ನಮ್ಮ ಮೇಡಂ ಅವರ ಕೊಡೆ ಕಂಡಿರಲೇ ಇಲ್ಲ.

ಕೆಳಗಿಳಿದಾಗ ಭೀಮ ನನ್ನ ಎರಡೂ ಕೈ ಹಿಡಿದುಕೊಂಡು, "ಸಾರಥಿ, ನಾಳಿಂದ ತಾಲೀಮು. ಕೊಟ್ಟೂರಿನಿಂದ ಪೇಟಿ ಬಾರಸೋ ಮಾಸ್ತರ್ನ ಕರಸ್ತೀನಿ. ಬರಂಗಿಲ್ಲ ಅನಬ್ಯಾಡ" ಎಂದ. ಆವರೆಗೆ 'ರೀ' ಎನ್ನುತ್ತಿದ್ದವನು ಮೊದಲ ಸಲ ಏಕವಚನಕ್ಕೆ ಇಳಿದಿದ್ದ. ನನಗೆ ಅದೆಷ್ಟು ಸಂತೋಷವಾಯಿತೆಂದರೆ, ಅರ್ಜುನನ ಪಾರ್ಟು ಯಾರದು ಎಂದು ಕೇಳುವುದು ಮರೆತೇಹೋಯಿತು.

ಸಂತೋಷ ಇಳಿದ ಮೇಲೆ ಕಷ್ಟ ಕಾಣಿಸತೊಡಗಿತು. ಅಂಟಿದ್ದು ಬಿಡುವುದಿಲ್ಲವಷ್ಟೆ. ಸಿಲಿಂಡರಿನವನು ಮಾರನೇ ವಾರವೇ ಸಾರಥಿ ಎಂದ. ಕಚೇರಿಯಲ್ಲಿ ಮೇಡಂ ಕೂಡ ತಪ್ಪಿ "ಸಾರಥಿಯವರೇ, ಆ ಫೈಲು" ಎಂದುಬಿಟ್ಟರು. ಜೀಪಿನ ಡ್ರೈವರ್ ನನ್ನನ್ನು ಮೂಲೆಗೆ ಕರೆದು, "ಸಾರ್, ನನ್ನ ಕೆಲಸಕ್ಕ ಏನಾರ ಕೈ ಹಾಕೀರೇನು?" ಎಂದು ಕಣ್ಣೀರು ತಂದುಕೊಂಡ. ಅರ್ಜುನನಾಗಬೇಕೆಂದಿದ್ದವನು ಅವನ ರಥ ಹೊಡೆಯುವವನೂ ಆಗಲಿಲ್ಲ, ಬಂದು ಹೋಗುವವರನ್ನು ನೀವು ಯಾರು ಎಂದು ಕೇಳುವವನಾದೆ. "ಏನಾರ ಆಗ್ಲಿ, ಬಾಡಿಗಿ ಮನಿ ಹೋತಲ್ಲ" ಎಂದು ಗಿರಿಜೆ ಸಮಾಧಾನ ಮಾಡಿದಳು. ಅದು ನಿಜವೇ.

ಮೊನ್ನೆ ಸಂಜೆ ತಾಲೀಮು ನಡೆದಿತ್ತು. ನಾನು ಮೈಮರೆತು ಮಾತು ಒಪ್ಪಿಸುತ್ತಿದ್ದಾಗ ಕೊರಿಯರಿನವನೊಬ್ಬ ಬೈಕು ನಿಲ್ಲಿಸಿ, "ಇಲ್ಲಿ ತಿಪ್ಪೇಸ್ವಾಮಿ ಅಂದ್ರ ಯಾರ್ರಿ?" ಎಂದ. ಭೀಮ ದುಶ್ಯಾಸನನನ್ನು ನೋಡಿದ, ದುಶ್ಯಾಸನ ದ್ರೌಪದಿಯನ್ನು ನೋಡಿದ, ಮೂವರೂ ನನ್ನನ್ನು ನೋಡಿದರು. ನಾನೂ ಬಹಳ ಹೊತ್ತು ಯೋಚನೆ ಮಾಡಿ, ಪಾಪ ಎಲ್ಲಿಂದಲೋ ಬಂದಿದ್ದಾನೆಂದು, "ಆ ಹೆಸರಿನೋರು ಓಣ್ಯಾಗ ಯಾರೂ ಇದ್ದಂಗಿಲ್ಲಪಾ. ಯಾವುದಕ್ಕೂ ಆ ಬಾಡಿಗಿ ಮನ್ಯಾಗ ಕೇಳಿ ನೋಡು" ಎಂದು ನಮ್ಮ ಮನೆಯ ಕಡೆಗೇ ಕೈ ತೋರಿಸಿದೆ.

ಸ್ವಲ್ಪ ಹೊತ್ತಿಗೆ ಗಿರಿಜೆ ಬಂದಳು. ಕೈಯಲ್ಲಿ ಹಿತ್ತಾಳೆಯ ಫಲಕ ಫಳಫಳ ಹೊಳೆಯುತ್ತಿತ್ತು. ಅವಳು ಸೀದಾ ಕಟ್ಟೆಯ ಮುಂದೆ ನಿಂತು, ಫಲಕವನ್ನು ಎದೆಗೊತ್ತಿ ಹಿಡಿದು, ಇಷ್ಟು ದಿನ ಮನೆಯಲ್ಲಿ ನನ್ನಿಂದ ಪಾಠ ಒಪ್ಪಿಸಿಕೊಂಡವಳಲ್ಲವೇ, ಅದೇ ರಾಗದಲ್ಲಿ ಕೇಳಿದಳು: "ತಾವು ಧಾರು ಸ್ವಾಮೀ? ತಮ್ಮ ಸ್ಥಳವೇನು, ನಾಮಾಂಕಿತವೇನು?"

ಕರ್ಣ ಮದ್ದಳೆಯ ಮೇಲೆ ಕೈ ಎತ್ತಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದ. ಭೀಮ, ದುಶ್ಯಾಸನ, ದ್ರೌಪದಿ, ಎಲ್ಲರೂ ಕಾದರು. ನಾನು ಬಾಯಿ ತೆರೆದೆ. ಎಲ್ಲರನ್ನೂ ಕೇಳುವ ಸಾರಥಿಯನ್ನು ಆಟದಲ್ಲಿ ಯಾರೂ ಕೇಳುವುದಿಲ್ಲವಾದ್ದರಿಂದ ಅವನ ಪಾರ್ಟಿನಲ್ಲಿ ಈ ಪ್ರಶ್ನೆಗೆ ಉತ್ತರವನ್ನೇ ಬರೆದಿಲ್ಲ. ಎಷ್ಟು ತಡಕಾಡಿದರೂ ನಾಲಿಗೆಗೆ ಸಿಕ್ಕಿದ್ದು ಒಂದೇ.

"ಬಾಡಿಗಿ ಮನಿಯವನು, ತಾಯೀ" ಎಂದೆ.